ಮಹಾವಾನರಗಳ ಗಂಡು, ಹೆಣ್ಣು: ಅಂಗಾಂಶ ಬಿಡಿಸಿ ತೂಗಿದ ಅನುಭವ

ಮಹಾವಾನರಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಎಂದ ಕೂಡಲೇ ಮಾತು ದೇಹದ ತೂಕಕ್ಕೆ ಹೋಗಿ ನಿಲ್ಲುತ್ತದೆ. ಗಂಡು ಗೊರಿಲ್ಲಾ ಹೆಣ್ಣಿನ ಎರಡರಷ್ಟು ತೂಗುತ್ತದೆ, ಒರಾಂಗುಟಾನ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಚಿಂಪಾಂಜಿಯ ಹತ್ತಿರದ ಸಂಬಂಧಿಗಳಾದ ಬೊನೊಬೊಗಳಲ್ಲಿ ಗಂಡು ಸುಮಾರು 45 ಕಿಲೋ, ಹೆಣ್ಣು 33. ಆದರೆ ಆ ಹೆಚ್ಚಿನ ಕಿಲೋಗಳು ಸ್ನಾಯುವೋ, ಕೊಬ್ಬೋ, ಮೂಳೆಯೋ? ನನ್ನನ್ನು ಈ ಕೆಲಸಕ್ಕೆ ಎಳೆದು ತಂದದ್ದು ಆ ಪ್ರಶ್ನೆ. ಅದಕ್ಕೆ ದೇಹವನ್ನು ಪದರ ಪದರವಾಗಿ ಬಿಡಿಸಿ ತೂಗುವುದಕ್ಕಿಂತ ನೇರವಾದ ದಾರಿಯನ್ನು ನಾನು ಕಂಡಿಲ್ಲ.

ನನ್ನ ಮೇಜಿಗೆ ಬರುವುದು ಮೃಗಾಲಯಗಳಲ್ಲಿ ಮುಪ್ಪಿನಿಂದಲೋ ಕಾಯಿಲೆಯಿಂದಲೋ ಸತ್ತ ಪ್ರಾಣಿಗಳು. ಕಾಡಿನಲ್ಲಿ ಸತ್ತ ದೇಹ ಕೊಳೆಯುವ ಮೊದಲು ಕೈಗೆ ಸಿಗುವುದು ತೀರ ಅಪರೂಪ. ಮೊದಲು ಇಡೀ ದೇಹವನ್ನು ತೂಗಿ, ಆಮೇಲೆ ತಲೆ, ಮುಂಡ, ಕೈ, ಕಾಲುಗಳನ್ನು ಬೇರ್ಪಡಿಸಿ ಒಂದೊಂದನ್ನೂ ತೂಗುತ್ತೇನೆ. ಅನಂತರ ಒಂದು ಪಕ್ಕದ ಚರ್ಮ, ಕೊಬ್ಬು, ಸ್ನಾಯು, ಮೂಳೆಗಳನ್ನು ಬಿಡಿಸಿ, ಇನ್ನೊಂದು ಪಕ್ಕಕ್ಕೂ ಅಷ್ಟೇ ಎಂದು ಲೆಕ್ಕ ಹಿಡಿಯುತ್ತೇನೆ. ತೇವ ಆರಿದಷ್ಟೂ ಸ್ನಾಯು ಹಗುರವಾಗುವುದರಿಂದ ಬಿಡಿಸಿದ್ದನ್ನು ಬಿಡಿಸಿದ ಹಾಗೆಯೇ ತೂಗಬೇಕು. ಬಿಡಿ ತೂಕಗಳ ಮೊತ್ತ ಇಡೀ ಅಂಗದ ತೂಕಕ್ಕಿಂತ ಕಡಿಮೆ ಬಂದರೆ ರಕ್ತವೋ ನೀರೋ ಸೋರಿದೆ ಎಂದರ್ಥ. ಆ ಕೊರತೆಯನ್ನೂ ಬರೆದಿಡುತ್ತೇನೆ.

ಗಂಡು ಬೊನೊಬೊವಿನ ತೊಡೆಯ ಚರ್ಮ ಸೀಳಿದರೆ ಒಂದು ತೆಳು ಪೊರೆ, ಅದರಡಿಯಲ್ಲಿ ನೇರವಾಗಿ ಕಡುಗೆಂಪು ಸ್ನಾಯು. ಮನುಷ್ಯರ ದೇಹ ಬಿಡಿಸಿ ಅಭ್ಯಾಸವಾದ ಕೈಗೆ ಇದು ವಿಚಿತ್ರವೆನಿಸುತ್ತದೆ. ನಡುವೆ ಇರಬೇಕಾದ ಹಳದಿ ಪದರವೇ ಇಲ್ಲ. ಹೆಣ್ಣಿನಲ್ಲಿ ತೊಡೆಸಂದಿಯ ಬಳಿಯೋ ಕಿಬ್ಬೊಟ್ಟೆಯಲ್ಲೋ ಒಂದಿಷ್ಟು ಕೊಬ್ಬು ಕಂಡೀತು. ಅದನ್ನು ಚಿಮಟದಿಂದ ಎಳೆ ಎಳೆಯಾಗಿ ಬಿಡಿಸುವಾಗ ಅವಸರ ಸಲ್ಲದು, ಏಕೆಂದರೆ ಇಡೀ ಫಲಿತಾಂಶ ನಿಂತಿರುವುದು ಆ ಕೆಲವೇ ಗ್ರಾಂಗಳ ಮೇಲೆ.

ಮಾನವಶಾಸ್ತ್ರಜ್ಞೆಯರಾದ ಏಡ್ರಿಯನ್ ಜಿಲ್ಮನ್ ಮತ್ತು ಡೆಬ್ರಾ ಬೋಲ್ಟರ್ ದಶಕಗಳ ಕಾಲ ತಾಳ್ಮೆಯಿಂದ 13 ಬೊನೊಬೊಗಳನ್ನು ಹೀಗೆ ಬಿಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಇಂದಿಗೂ ಅಳತೆಗೋಲು. ಹೆಣ್ಣುಗಳಲ್ಲಿ ಕೊಬ್ಬು ಸರಾಸರಿ ಶೇ 3.6, ಗಂಡುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚರ್ಮವಾದರೋ ದೇಹದ ತೂಕದ ಶೇ 10ರಿಂದ 13. ಮನುಷ್ಯರಲ್ಲಿ ಅದು ಶೇ 6ರ ಆಸುಪಾಸು. ಹೆಣ್ಣಿನಲ್ಲಿ ಕೊಬ್ಬಿನ ಪಾಲು ಹೆಚ್ಚು, ಗಂಡಿನಲ್ಲಿ ಸ್ನಾಯುವಿನ ಪಾಲು ಹೆಚ್ಚು ಎಂಬ ಒಲವು ಬೊನೊಬೊಗಳಿಗೂ ನಮಗೂ ಒಂದೇ. ಆದರೆ ಮನುಷ್ಯರಲ್ಲಿ ಗಂಡಸಿನ ಕೊಬ್ಬು ಕೂಡ ಹೆಣ್ಣು ಬೊನೊಬೊವಿನದನ್ನು ಎಷ್ಟೋ ಮೀರಿಸುತ್ತದೆ.

ಹೆಣ್ಣಿಗೆ ಈ ಚೂರು ಉಳಿತಾಯ ಏಕೆ ಮುಖ್ಯ ಎಂಬುದನ್ನು ಒರಾಂಗುಟಾನ್‌ಗಳಲ್ಲಿ ಚೆನ್ನಾಗಿ ಕಾಣಬಹುದು. ಒಂದು ಮರಿಗೂ ಇನ್ನೊಂದಕ್ಕೂ ಏಳೆಂಟು ವರ್ಷಗಳ ಅಂತರ, ಅದರಲ್ಲಿ ಬಹುಪಾಲು ಹಾಲೂಡಿಸುವ ಕಾಲ. ಬೋರ್ನಿಯೊದ ಗುನುಂಗ್ ಪಾಲುಂಗ್ ಕಾಡಿನಲ್ಲಿ ಹಣ್ಣು ತೀರಿಹೋದ ತಿಂಗಳುಗಳಲ್ಲಿ ಅವುಗಳ ಮೂತ್ರದಲ್ಲಿ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಎಂಬ ವಸ್ತು ಇರುವುದನ್ನು ಮಾನವಶಾಸ್ತ್ರಜ್ಞೆ ಚೆರಿಲ್ ನಾಟ್ 1998ರಲ್ಲಿ ತೋರಿಸಿದರು. ಅಂದರೆ ಪ್ರಾಣಿ ತನ್ನದೇ ಕೊಬ್ಬನ್ನು ಕರಗಿಸಿ ಬದುಕುತ್ತಿತ್ತು.

ದೊಡ್ಡ ಗಂಡು ಒರಾಂಗುಟಾನ್ ಮೇಜಿಗೆ ಬಂದಾಗ ಬೇರೊಂದು ತೊಡಕು ಎದುರಾಗುತ್ತದೆ. ಅದರ ಮುಖದ ಎರಡೂ ಬದಿಗೆ ಚಾಚಿಕೊಂಡ ಕೆನ್ನೆಪಟ್ಟಿಗಳಲ್ಲಿ ಕೊಬ್ಬೂ ಇದೆ, ಗಟ್ಟಿ ನಾರಿನ ಅಂಗಾಂಶವೂ ಇದೆ. ಕೊಯ್ದರೆ ಅಲಗು ಮೆತ್ತಗೆ ಇಳಿಯುವುದಿಲ್ಲ, ತಡೆದು ತಡೆದು ಸಾಗುತ್ತದೆ. ಇದನ್ನು ಹೊಟ್ಟೆಯ ಕೊಬ್ಬಿನ ಜೊತೆ ಸೇರಿಸಿದರೆ ಗಂಡಿಗೆ ಇಲ್ಲದ ದಾಸ್ತಾನನ್ನು ಕಾಗದದ ಮೇಲೆ ಕೊಟ್ಟಂತೆ. ಪ್ರತಿಸ್ಪರ್ಧಿಗೂ ಸಂಗಾತಿಗೂ ಕಾಣಲೆಂದು ಬೆಳೆದ ಅಂಗವದು. ನಾನು ಲೆಕ್ಕದಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇಟ್ಟಿದ್ದೇನೆ, ಎಲ್ಲರೂ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಂಡು ಗೊರಿಲ್ಲಾದಲ್ಲಿ ಇಂಥದೇ ಎಚ್ಚರ ತಲೆಯ ವಿಷಯದಲ್ಲಿ ಬೇಕು: ಬುರುಡೆಯ ನಡುವೆ ಎದ್ದ ಮೂಳೆಯ ಏಣು, ಅದಕ್ಕೆ ಅಂಟಿಕೊಂಡ ದವಡೆಯ ಸ್ನಾಯು, ಎಲ್ಲ ಸೇರಿ ತಲೆಯೊಂದೇ ದೊಡ್ಡ ಹೊರೆ.

ಮೃಗಾಲಯದ ಬದುಕು ಈ ಲೆಕ್ಕವನ್ನು ಕೆಡಿಸಬಲ್ಲದು. ಓಡಾಟ ಕಡಿಮೆ, ಊಟ ನಿತ್ಯ. ಗೊರಿಲ್ಲಾ, ಒರಾಂಗುಟಾನ್‌ಗಳು ಅಲ್ಲಿ ಬೇಗ ಕೊಬ್ಬುತ್ತವೆ, ಗಂಡುಗಳೂ ಹೊರತಲ್ಲ. ಆಗ ಶೇಕಡಾವಾರು ಅಂಕಿಯೊಂದನ್ನೇ ನೋಡಿದರೆ ಸ್ನಾಯು ಕುಗ್ಗಿದಂತೆ ಕಾಣುತ್ತದೆ. ಕಿಲೋದಲ್ಲಿ ನೋಡಿದರೆ ಸ್ನಾಯು ಇದ್ದಷ್ಟೇ ಇದೆ, ಕೊಬ್ಬು ಮಾತ್ರ ಬೆಳೆದಿದೆ. ಎರಡನ್ನೂ ಕೊಡದ ವರದಿಯನ್ನು ನಾನು ಹೋಲಿಕೆಗೆ ಬಳಸುವುದಿಲ್ಲ.

ಕಾಡಿನ ಪ್ರಾಣಿಗಳ ವಿಷಯದಲ್ಲಿ ಈಗ ಮೂತ್ರದ ಕ್ರಿಯಾಟಿನಿನ್ ನೆರವಿಗೆ ಬಂದಿದೆ. ಅದು ಸ್ನಾಯುವಿನಿಂದ ಹುಟ್ಟುವ ವಸ್ತುವಾದ್ದರಿಂದ, ಮೂತ್ರ ಎಷ್ಟು ತೆಳುವಾಗಿದೆ ಎಂಬುದನ್ನು ಸರಿದೂಗಿಸಿದರೆ ಬದುಕಿರುವ ಚಿಂಪಾಂಜಿಯ ಸ್ನಾಯುವಿನ ಅಂದಾಜು ಸಿಗುತ್ತದೆ, ಪ್ರಾಣಿಯನ್ನು ಮುಟ್ಟಬೇಕಾಗಿಯೂ ಇಲ್ಲ. ಆ ಸ್ನಾಯು ತೋಳಿನಲ್ಲಿದೆಯೋ ತೊಡೆಯಲ್ಲಿದೆಯೋ ಎಂಬುದನ್ನು ಮಾತ್ರ ಮೂತ್ರ ಹೇಳುವುದಿಲ್ಲ.