ಕಾಂತೀಯ ನಕ್ಷೆಯಲ್ಲಿ ಗೆರೆ ಹುಡುಕಿದ ಬಗೆ: ಜೊಯಿಡಾ ಸೀಮೆಯ ನನ್ನ ಅನುಭವ

ಜೊಯಿಡಾ, ಕ್ಯಾಸಲ್‌ರಾಕ್ ಸುತ್ತಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಪಟ್ಟಿಗಳ ಮೇಲೆ ಕಾಡೂ ಚಿರೇಕಲ್ಲೂ ದಟ್ಟವಾಗಿ ಹೊದ್ದುಕೊಂಡಿರುವುದರಿಂದ, ಮೂಲಶಿಲೆ ಹೆಚ್ಚಾಗಿ ಕಾಣಸಿಗುವುದು ಹಳ್ಳದ ಪಾತ್ರದಲ್ಲಿ ಮತ್ತು ರಸ್ತೆಗಾಗಿ ಕಡಿದ ಗುಡ್ಡದ ಬದಿಯಲ್ಲಿ ಮಾತ್ರ. ಆದ್ದರಿಂದ ವೈಮಾನಿಕ ಕಾಂತೀಯ ಸಮೀಕ್ಷೆಯ, ಅಂದರೆ ವಿಮಾನದಿಂದ ಕಾಂತಕ್ಷೇತ್ರವನ್ನು ಅಳೆದ, ಮಾಹಿತಿಯನ್ನು ಚಿತ್ರವಾಗಿಸಿ, ಅದರಲ್ಲಿನ ಶಿಲಾರಚನೆಯ ಗೆರೆಗಳನ್ನು ಕಂಪ್ಯೂಟರಿನಿಂದಲೇ ಗುರುತಿಸುವ ಕೆಲಸವನ್ನು ನಾನು ಶಿರಸಿಯಲ್ಲಿ ಕುಳಿತು ಮಾಡಿದೆ. ಇದಕ್ಕೆ ಚಿತ್ರ ವಿಶ್ಲೇಷಣೆಯ ಸಂಶೋಧಕ ಪೀಟರ್ ಕೊವೇಸಿ ಅವರು ರೂಪಿಸಿದ ಫೇಸ್ ಸಿಮೆಟ್ರಿ ವಿಧಾನವನ್ನು ಆರಿಸಿಕೊಂಡೆ. ಅದು ಸಂಕೇತದ ತೀವ್ರತೆಯನ್ನು ನೋಡದೆ ಅದರ ಆಕಾರದ ಸಮಮಿತಿಯನ್ನು ನೋಡುವುದರಿಂದ, ಆಳದಲ್ಲಿರುವ ಕ್ಷೀಣ ಗೆರೆಗಳೂ ಪ್ರಬಲ ಗೆರೆಗಳಷ್ಟೇ ಸ್ಪಷ್ಟವಾಗಿ ಮೂಡುತ್ತವೆ.

ನನ್ನ ಹೆಚ್ಚಿನ ಶ್ರಮವೆಲ್ಲ ಅದಕ್ಕೂ ಮೊದಲಿನ ಹಂತಕ್ಕೇ ಸಂದಿತು. ನಮ್ಮ ಜಿಲ್ಲೆಯಲ್ಲಿ ಭೂಕಾಂತಕ್ಷೇತ್ರ ನೆಲಕ್ಕೆ ಬಾಗಿರುವ ಕೋನ 20 ಡಿಗ್ರಿಯ ಆಸುಪಾಸಿನದು. ಕ್ಷೇತ್ರ ಹೀಗೆ ಹೆಚ್ಚುಕಡಿಮೆ ಅಡ್ಡವಾಗಿ ಉತ್ತರಕ್ಕೆ ಹರಿಯುವಲ್ಲಿ, ಉತ್ತರ-ದಕ್ಷಿಣವಾಗಿ ಮಲಗಿದ ಶಿಲಾಪಟ್ಟಿಯು ಅಖಂಡ ಗೆರೆಯಾಗಿ ಕಾಣದೆ, ಪೋಣಿಸಿಟ್ಟ ಮಣಿಗಳಂತೆ ತುಂಡುತುಂಡಾಗಿ ಕಾಣುತ್ತದೆ. ಇಲ್ಲಿನ ಪಟ್ಟಿಗಳ ದಿಕ್ಕಾದರೋ ಉತ್ತರ-ವಾಯವ್ಯ. ಇಂಥಲ್ಲಿ ಮಾಹಿತಿಯನ್ನು ಧ್ರುವಕ್ಕೆ ಪರಿವರ್ತಿಸಲು, ಅಂದರೆ ಕ್ಷೇತ್ರ ನೆಟ್ಟಗಿರುವ ಕಾಂತಧ್ರುವದಲ್ಲಿ ಅಳೆದಂತೆ ಲೆಕ್ಕದಿಂದ ಬದಲಿಸಲು ಹೋದರೆ, ಅಳತೆಯೊಳಗಿನ ಗದ್ದಲವೇ (ದೋಷಗಳೇ) ಹಿಗ್ಗಿ ಉತ್ತರ-ದಕ್ಷಿಣದ ಹುಸಿ ಪಟ್ಟೆಗಳೇಳುತ್ತವೆ. ತಂತ್ರಾಂಶವು ಅವನ್ನೂ ನಿಜವಾದ ಗೆರೆಗಳೆಂದೇ ಎತ್ತಿಕೊಳ್ಳುತ್ತದೆ, ಮತ್ತು ಅವುಗಳ ದಿಕ್ಕು ಶಿಲಾಪಟ್ಟಿಗಳ ದಿಕ್ಕಿಗೆ ತೀರ ಹತ್ತಿರವಾದ್ದರಿಂದ ನೋಡುವವರಿಗೆ ಅನುಮಾನವೂ ಬರುವುದಿಲ್ಲ. ಹಾಗಾಗಿ ದಿಕ್ಕಿನ ಅವಲಂಬನೆ ಕಡಿಮೆಯಿರುವ ಅನಲಿಟಿಕ್ ಸಿಗ್ನಲ್ ಚಿತ್ರವನ್ನೇ (ಕ್ಷೇತ್ರ ಮೂರೂ ದಿಕ್ಕಿನಲ್ಲಿ ಬದಲಾಗುವ ವೇಗಗಳನ್ನು ಕೂಡಿಸಿ ಮಾಡಿದ ಚಿತ್ರ) ವಿಶ್ಲೇಷಣೆಗೆ ಕೊಟ್ಟೆ. ಇದು ಪೂರ್ಣ ಪರಿಹಾರವಲ್ಲ, ಆದರೆ ಇಲ್ಲದ್ದನ್ನು ಹುಟ್ಟಿಸುವ ಅಪಾಯ ಇದರಲ್ಲಿ ಕಡಿಮೆ.

ಹಾರಾಟದ ಸಾಲುಗಳ ನಡುವೆ 300 ಮೀಟರ್ ಅಂತರವಿದ್ದರೆ 600 ಮೀಟರಿಗಿಂತ ಕಿರಿದಾದ ತರಂಗಾಂತರವನ್ನು (ಏರಿಳಿತದ ಒಂದು ಪೂರ್ಣ ಸುತ್ತಿನ ಉದ್ದವನ್ನು) ನಾನು ಹುಡುಕಲು ಬಿಡುವುದಿಲ್ಲ, ಏಕೆಂದರೆ ಸಾಲುಗಳ ನಡುವೆ ಇರುವುದು ಅಳತೆಯಲ್ಲ, ಲೆಕ್ಕ ಹಾಕಿ ತುಂಬಿದ ಸಂಖ್ಯೆಗಳು. ಹಾರಾಟದ ದಿಕ್ಕಿಗೆ ಸಮಾನಾಂತರವಾದ ಗೆರೆಗಳನ್ನೂ, ಕೈಗಾ ಸ್ಥಾವರದಿಂದ ಹೊರಡುವ ಹೈಟೆನ್ಷನ್ ತಂತಿಗಳ ಮೇಲೆಯೇ ಬೀಳುವ ಗೆರೆಗಳನ್ನೂ, ಅವು ಶಿಲೆಯಿಂದ ಬಂದವಲ್ಲದಿರಬಹುದೆಂದು, ಬೇರೆಯಾಗಿ ಗುರುತು ಮಾಡಿ ಇಟ್ಟೆ.

ಉಳಿದವುಗಳಲ್ಲಿ ಅತಿ ನೇರವಾದವು ಬಹುಮಟ್ಟಿಗೆ ಡಾಲರೈಟ್ ಡೈಕ್‌ಗಳು, ಅಂದರೆ ಬಿರುಕುಗಳಲ್ಲಿ ಶಿಲಾರಸ ತುಂಬಿ ಗಟ್ಟಿಯಾದ ಕಪ್ಪು ಕಲ್ಲಿನ ಗೋಡೆಗಳು. ರಚನೆ ತಿಳಿಯಲು ಅವು ಬೇಕು, ಅದಿರಿಗಲ್ಲ. ಕಬ್ಬಿಣದ ಪಟ್ಟಿಯ ಗೆರೆ ನಡುವೆ ಕಡಿದುಹೋದ ತಾಣಗಳನ್ನು ಮಾತ್ರ ನಾನು ನಕ್ಷೆಯಲ್ಲಿ ಮೊದಲು ಸುತ್ತುಹಾಕುತ್ತೇನೆ. ಬಲವಾದ ಕಾಂತಗುಣವಿರುವ ಕಬ್ಬಿಣದ ಖನಿಜ ಮ್ಯಾಗ್ನಟೈಟ್ ಶಿಥಿಲಗೊಂಡು ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜವಾದಾಗ ಆ ಗುಣ ಕುಗ್ಗುವುದರಿಂದ, ಅಲ್ಲಿ ಪಟ್ಟಿ ಮುಗಿದಿದೆಯೋ ಅಥವಾ ಅದಿರು ಹೀಗೆ ಹೆಮಟೈಟ್ ಆಗಿ ಪಕ್ವವಾಗಿದೆಯೋ ಎಂಬುದನ್ನು ಯಾವ ತಂತ್ರಾಂಶವೂ ಹೇಳಲಾರದು. ಸಸೆಪ್ಟಿಬಿಲಿಟಿ ಮೀಟರ್ (ಕಲ್ಲು ಎಷ್ಟು ಕಾಂತಗೊಳ್ಳುತ್ತದೆಂದು ಅಳೆಯುವ ಸಾಧನ) ಮತ್ತು ಸುತ್ತಿಗೆ ಹಿಡಿದು ಆ ಜಾಗಕ್ಕೆ ನಡೆದೇ ಹೋಗಬೇಕು.