ಬೆಂಡ್ ತೆಗೆಯುವ ಮೊದಲು ಕಡ್ಡಿಯ ಸದ್ದು ಕೇಳಿ

ಸೈಕಲ್ಲಿನ ಗಾಲಿ ತೊನೆದಾಡುತ್ತಾ ತಿರುಗತೊಡಗಿದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ಬೆಂಡ್ ತೆಗೆಸಬೇಕು’. ಹೋದ ಮಳೆಗಾಲದಲ್ಲಿ ನಾನೂ ತೆಗೆಸಿದ್ದೆ. ರಿಮ್ ಕಣ್ಣಿಗೆ ನೆಟ್ಟಗೆ ಕಾಣುತ್ತಿತ್ತು. ಎರಡೇ ವಾರದಲ್ಲಿ ಹಿಂದಿನ ಗಾಲಿಯ ಕಡ್ಡಿಯೊಂದು ಹಬ್ಬಿನ (ಗಾಲಿಯ ನಡುಭಾಗದ) ಬುಡದಲ್ಲಿ ತುಂಡಾಯಿತು. ಉಳಿದ ಕಡ್ಡಿಗಳನ್ನು ಬೆರಳಿನಿಂದ ಮೀಟಿದಾಗ ಕಾರಣ ತಿಳಿಯಿತು. ಒಂದು ‘ಟಿಂಗ್’ ಎಂದರೆ ಪಕ್ಕದ್ದು ‘ದಬ್’ ಎನ್ನುತ್ತಿತ್ತು. ರಿಮ್ಮನ್ನು ನೇರ ಮಾಡಿದ್ದರು, ಬಿಗಿಯನ್ನು ಸಮ ಮಾಡಿರಲಿಲ್ಲ.

ನಮ್ಮ ಭಾರವನ್ನು ಕೆಳಗಿನ ಕಡ್ಡಿಗಳು ಕಂಬಗಳಂತೆ ಹೊತ್ತಿವೆ ಎಂದು ಅನೇಕರು ತಿಳಿದಿದ್ದಾರೆ. 2 ಮಿ.ಮೀ. ದಪ್ಪದ ತಂತಿ ಹಾಗೆ ಹೊರಲಾರದು, ಒತ್ತಿದರೆ ಬಾಗಿಬಿಡುತ್ತದೆ. ಎಲ್ಲ ಕಡ್ಡಿಗಳೂ ಸುತ್ತಲಿಂದ ರಿಮ್ಮನ್ನು ಹಬ್ಬಿನತ್ತ ಜಗ್ಗಿ ಹಿಡಿದಿರುವುದರಿಂದಲೇ ಗಾಲಿ ಗಟ್ಟಿ. ನಾವು ಹತ್ತಿ ಕುಳಿತಾಗ ನೆಲದ ಕಡೆಗಿರುವ ಕೆಲವು ಕಡ್ಡಿಗಳ ಬಿಗಿ ಇಳಿಯುತ್ತದೆ, ಗಾಲಿ ಉರುಳಿದಂತೆ ಮತ್ತೆ ಏರುತ್ತದೆ. 28 ಇಂಚಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಹಾಕುತ್ತದೆ. ಮೊದಲೇ ಸಡಿಲವಾಗಿರುವ ಕಡ್ಡಿ ಪ್ರತಿ ಸುತ್ತಿನಲ್ಲೂ ಪೂರ್ತಿ ಬಿಗಿ ಕಳೆದುಕೊಂಡು ಮತ್ತೆ ಜಗ್ಗಿಸಿಕೊಳ್ಳುತ್ತದೆ. ಅದನ್ನು ರಿಮ್ಮಿಗೆ ಬಿಗಿದಿಡುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಹಬ್ಬಿನ ತೂತಿನಲ್ಲಿ ಸಿಕ್ಕಿಸಿದ ಬಾಗು ದಣಿದು ಮುರಿಯುತ್ತದೆ. ಹೀಗೆ ಅನೇಕ ಸಲ ಮುರಿಯುವುದು ಅತಿ ಬಿಗಿಯಾದ ಕಡ್ಡಿಯಲ್ಲ, ಸಡಿಲವಾದದ್ದು.

ನಮ್ಮ ಹಳೆಯ ಕಪ್ಪು ಸೈಕಲ್ಲನ್ನೇ ತೆಗೆದುಕೊಳ್ಳಿ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಬೇಕಾಗುವುದು ನಿಪ್ಪಲ್ಲಿಗೆ ಸರಿಯಾಗಿ ಕೂರುವ ಸ್ಪೋಕ್ ಕೀ, ಒಂದು ಸೀಮೆಸುಣ್ಣದ ತುಂಡು, ಒಂದಿಷ್ಟು ಮಷಿನ್ ಎಣ್ಣೆ. ಇಕ್ಕಳವನ್ನು ದಯವಿಟ್ಟು ಮುಟ್ಟಬೇಡಿ. ನಿಪ್ಪಲ್ಲಿನ ಮೂಲೆಗಳು ಒಮ್ಮೆ ಸವೆದರೆ ಆಮೇಲೆ ಯಾವ ಕೀಲಿಯೂ ಹಿಡಿಯುವುದಿಲ್ಲ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಪ್ರತಿ ನಿಪ್ಪಲ್ಲಿನ ಬಾಯಿಗೆ ಒಂದು ಹನಿ ಎಣ್ಣೆ ಬಿಡಿ. ಬೆಳಿಗ್ಗೆ ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಟ್ಯೂಬಿನ ಗಾಳಿ ಇಳಿಸಿ.

ವಾಲ್ವ್ ಇರುವ ಜಾಗದಿಂದ ಶುರು ಮಾಡಿ ಒಂದೇ ಬದಿಯ ಕಡ್ಡಿಗಳನ್ನು ಸಾಲಾಗಿ ಮೀಟುತ್ತಾ ಹೋಗಿ. ಕಡ್ಡಿಗಳು ಒಂದನ್ನೊಂದು ದಾಟುವ ಜಾಗಕ್ಕಿಂತ ಹೊರಗೆ, ರಿಮ್ಮಿನ ಕಡೆ ಮೀಟಬೇಕು. ಇದು ತಂಬೂರಿಯ ಶ್ರುತಿ ಹಿಡಿಯುವ ಕೆಲಸದಂತೆಯೇ. ಯಾವ ಸ್ವರ ಎಂಬುದು ಮುಖ್ಯವಲ್ಲ, ಆ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ನುಡಿಯಬೇಕು. ಮಂಕು ಸದ್ದಿನವಕ್ಕೂ ಕೀರಲು ಸದ್ದಿನವಕ್ಕೂ ಸೀಮೆಸುಣ್ಣದಿಂದ ಬೇರೆ ಬೇರೆ ಗುರುತು ಹಾಕಿ.

ಇನ್ನು ಕೀಲಿ ಹಿಡಿಯಿರಿ. ಟೈರಿನ ಕಡೆಯಿಂದ ಹಬ್ಬಿನತ್ತ ನೋಡುತ್ತಾ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ, ಎದುರಿಗೆ ತಿರುಗಿಸಿದರೆ ಸಡಿಲ. ಗಾಲಿಯ ಕೆಳಭಾಗದಲ್ಲಿ ಇದು ತಿರುಗುಮುರುಗಾಗಿ ಕಂಡು ಕೈ ಎಡವುತ್ತದೆ. ಆದ್ದರಿಂದ ಬೇಕಾದ ಕಡ್ಡಿಯನ್ನು ಯಾವಾಗಲೂ ಮೇಲಕ್ಕೆ ತಂದುಕೊಂಡೇ ತಿರುಗಿಸಿ. ಮಂಕು ಕಡ್ಡಿಗೆ ಕಾಲು ಸುತ್ತು ಬಿಗಿ ಕೊಡಿ, ಅದೇ ಬದಿಯಲ್ಲಿ ಅದರ ಪಕ್ಕದ ಕೀರಲು ಕಡ್ಡಿಯನ್ನು ಕಾಲು ಸುತ್ತು ಬಿಡಿ. ಎಳೆತ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ರಿಮ್ ಹೆಚ್ಚು ಕದಲುವುದಿಲ್ಲ. ಬೆಂಡ್ ತೆಗೆಯುವವರು ಅವಸರದಲ್ಲಿ ಬಿಟ್ಟುಬಿಡುವುದು ಈ ಹಂತವನ್ನೇ. ನನ್ನ ಗಾಲಿಯಲ್ಲಿ ಇಷ್ಟಕ್ಕೇ ಅರ್ಧ ಬೆಂಡ್ ಹೋಯಿತು.

ಉಳಿದ ಬೆಂಡಿಗೆ ಸೀಮೆಸುಣ್ಣ ಸಾಕು. ಅದನ್ನು ಫೋರ್ಕಿಗೆ ಒತ್ತಿ ಹಿಡಿದು, ರಿಮ್ಮಿಗೆ ಕೂದಲೆಳೆಯಷ್ಟು ದೂರವಿರಿಸಿ ಗಾಲಿ ತಿರುಗಿಸಿ. ರಿಮ್ ಎಲ್ಲಿ ಹೊರಚಾಚಿದೆಯೋ ಅಲ್ಲಿ ಮಾತ್ರ ಬಿಳಿ ಗೀಟು ಬೀಳುತ್ತದೆ. ಗೀಟು ಬಲಕ್ಕೆ ಬಿದ್ದಿದ್ದರೆ ಆ ಭಾಗದ ಎಡಗಡೆ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಬಲಗಡೆಯವನ್ನು ಅಷ್ಟೇ ಸಡಿಲಿಸಿ. ಗೀಟು ಒರೆಸಿ ಮತ್ತೆ ತಿರುಗಿಸಿ. ಕಡ್ಡಿಯೂ ನಿಪ್ಪಲ್ಲಿನ ಜೊತೆ ತಿರುಚಿಕೊಳ್ಳುವುದುಂಟು. ಹಾಗಾಗಿ ಬೇಕಾದದ್ದಕ್ಕಿಂತ ಚೂರು ಮುಂದೆ ತಿರುಗಿಸಿ, ಅಷ್ಟೇ ಹಿಂದಕ್ಕೆ ತನ್ನಿ.

ರಿಮ್ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಉಬ್ಬಿದ ಜಾಗದಲ್ಲಿ ಎರಡೂ ಬದಿಯ ಕಡ್ಡಿಗಳಿಗೆ ಸಮನಾಗಿ ಬಿಗಿ ಕೊಡಬೇಕು. ಒಂದು ಜಾಗ ನೇರವಾಗಬೇಕಾದರೆ ಅಲ್ಲಿನ ಕಡ್ಡಿ ಪೂರ್ತಿ ಸಡಿಲವಾಗಲೇಬೇಕು ಎಂದಾದರೆ ರಿಮ್ಮೇ ಗುಂಡಿಗೆ ಬಿದ್ದು ನೆಗ್ಗಿದೆ ಎಂದರ್ಥ. ಅದಕ್ಕೆ ಕೀಲಿಯಲ್ಲಿ ಮದ್ದಿಲ್ಲ, ರಿಮ್ ಬದಲಿಸಿ.

ಗೇರ್ ಸೈಕಲ್ಲಿನ ಹಿಂದಿನ ಗಾಲಿಯದು ಬೇರೆ ಕಥೆ. ಅಲ್ಲಿ ಬಲಗಡೆ ಹಲ್ಲುಚಕ್ರಗಳಿಗೆ ಜಾಗ ಬೇಕಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ, ಅವುಗಳ ಬಿಗಿ ಎಡಗಡೆಯದಕ್ಕಿಂತ ಬಹಳ ಹೆಚ್ಚು. ಎರಡೂ ಬದಿಯನ್ನು ಒಂದೇ ಸ್ವರಕ್ಕೆ ತರಲು ಹೋದರೆ ರಿಮ್ ನಡುವಿನಿಂದ ಸರಿದುಬಿಡುತ್ತದೆ. ಬಲಕ್ಕೆ ಬಲ, ಎಡಕ್ಕೆ ಎಡ ಹೋಲಿಸಿ.

ಕೊನೆಗೆ ಒಂದೇ ಬದಿಯ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಸೇರಿಸಿ ಬಲವಾಗಿ ಹಿಂಡುತ್ತಾ ಗಾಲಿಯ ಸುತ್ತ ಬನ್ನಿ. ‘ಟಿಕ್, ಟಿಕ್’ ಎಂಬ ಸದ್ದು ಬಂದರೆ ಹೆದರಬೇಡಿ, ತಿರುಚಿಕೊಂಡಿದ್ದ ಕಡ್ಡಿಗಳು ಬಿಚ್ಚಿಕೊಳ್ಳುತ್ತಿರುತ್ತವೆ. ಆಮೇಲೆ ಮತ್ತೊಮ್ಮೆ ಸೀಮೆಸುಣ್ಣ ಹಿಡಿಯಿರಿ, ಬೆಂಡ್ ತುಸು ಮರಳಿರುತ್ತದೆ. ಗಾಳಿ ತುಂಬುವ ಮುನ್ನ ಟೈರ್ ಬಿಚ್ಚಿ, ನಿಪ್ಪಲ್ಲಿನಿಂದ ಆಚೆ ಚಾಚಿದ ಕಡ್ಡಿಯ ತುದಿ ಇದ್ದರೆ ಅರದಿಂದ ಉಜ್ಜಿ ಮಟ್ಟ ಮಾಡಿ. ಇಲ್ಲದಿದ್ದರೆ ಟ್ಯೂಬ್ ಒಳಗಿನಿಂದಲೇ ಪಂಕ್ಚರ್ ಆಗುತ್ತದೆ. ಒಂದು ವಾರ ಓಡಿಸಿದ ಮೇಲೆ ಮತ್ತೆ ಕಡ್ಡಿಗಳನ್ನು ಮೀಟಿ ನೋಡಿ.