ತೊಟ್ಟಿಮನೆಗೆ ಒಂದೇ ಸೂರ್ಯ ಸಾಕಿತ್ತು

ಮಲೆನಾಡಿನ ಹಳೇ ತೊಟ್ಟಿಮನೆ ರಿಪೇರಿಯಾದ ಮೇಲೆ ಹೇಗೆ ಕಾಣುತ್ತದೆ ಅಂತ ಚಿತ್ರ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್, ಅದರೊಳಗೇ ಇರುವ ಸೈಕಲ್ಸ್‌ನಲ್ಲಿ ರೆಂಡರ್, ಅಂದರೆ ಬೆಳಕಿನ ಲೆಕ್ಕ ಹಾಕಿ ಕೊನೆಯ ಚಿತ್ರ ತೆಗೆಯುವುದು. ಜಗುಲಿ ಕತ್ತಲೆ ಅನ್ನಿಸಿತು, ಒಂದು ಏರಿಯಾ ಲೈಟ್ (ಹಲಗೆಯಂಥ ಕೃತಕ ದೀಪ) ಇಟ್ಟೆ. ಮೂಲೆಗೆ ಇನ್ನೊಂದು. ಹೀಗೇ ಏಳಾದವು. ಯಜಮಾನರು ನೋಡಿ, "ಚೆನ್ನಾಗಿದೆ ಮಾರಾಯ್ರೇ, ಆದ್ರೆ ಮದುವೆ ಛತ್ರದ ಹಾಗಿದೆಯಲ್ಲ" ಅಂದರು.

ಏಳನ್ನೂ ಅಳಿಸಿದೆ. ಉಳಿಸಿಕೊಂಡದ್ದು ಸ್ಕೈ ಟೆಕ್ಸ್ಚರ್ (ಸಾಫ್ಟ್‌ವೇರ್ ಕಟ್ಟಿಕೊಡುವ ಆಕಾಶ) ಮತ್ತು ಅದರೊಳಗಿನ ಸೂರ್ಯ ಮಾತ್ರ. ನೆರಳು ಮೆತ್ತಗಿರಲಿ ಅಂತ ಮೊದಲು ಸೂರ್ಯನ ಗಾತ್ರವನ್ನು 5 ಡಿಗ್ರಿ ಮಾಡಿದ್ದೆ. ನಿಜವಾದ ಸೂರ್ಯ ನಮಗೆ ಕಾಣುವುದು ಸುಮಾರು ಅರ್ಧ ಡಿಗ್ರಿ ಅಗಲ. ಅಷ್ಟಕ್ಕೇ ಇಳಿಸಿದಾಗ ಕಂಬದ ನೆರಳು ಬುಡದಲ್ಲಿ ಚೂಪಾಯಿತು, ದೂರ ಹೋಗುತ್ತಾ ಅಂಚು ಕರಗಿತು.

ಒಳಗೆ ಕತ್ತಲೆ ಹಾಗೇ ಇತ್ತು. ಲೈಟ್ ಸೇರಿಸದೆ ಎಕ್ಸ್‌ಪೋಶರ್ (ಇಡೀ ಚಿತ್ರದ ಹೊಳಪು) ಏರಿಸಿದೆ. ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ 'ಸ್ಟ್ಯಾಂಡರ್ಡ್' ನೋಟದಲ್ಲಿ ತೊಟ್ಟಿಯ ನೆಲ ಬರೀ ಬಿಳಿ ತೇಪೆಯಾಯಿತು. ಬ್ಲೆಂಡರ್ 4.0 ರಿಂದ ತಾನಾಗೇ ಬರುವ 'ಎಜಿಎಕ್ಸ್'ಗೆ ಬದಲಿಸಿದ ಮೇಲೆ ಕಲ್ಲಿನ ಗೆರೆಗಳು ಕಂಡವು. ಒಳಕೋಣೆಗೆ ಬೆಳಕು ಗೋಡೆಯಿಂದ ಗೋಡೆಗೆ ತಾಗಿ ಬರಬೇಕು. ಅದಕ್ಕೆ ಡಿಫ್ಯೂಸ್ ಬೌನ್ಸ್ 4 ಇದ್ದದ್ದನ್ನು 8 ಮಾಡಿದೆ. ಸುಣ್ಣದ ಗೋಡೆಗೆ ಪೂರ್ತಿ ಬಿಳಿ, ಅಂದರೆ 1.0 ಕೊಟ್ಟಿದ್ದು ಇನ್ನೊಂದು ತಪ್ಪು. ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಗೋಡೆ ಎಲ್ಲಿದೆ? 0.8 ಸಾಕು.

ನಿಜವಾಗಿ ತಲೆ ತಿಂದದ್ದು ಗಾಜಿನ ಹೆಂಚು. ಅದರಿಂದ ನೆಲದ ಮೇಲೆ ಬಿಸಿಲಿನ ಚೌಕ ಬೀಳಬೇಕಿತ್ತು, ಬಿದ್ದದ್ದು ಚುಕ್ಕಿಗಳು. ಗಾಜಿನ ಮೂಲಕ ಹಾದ ಬೆಳಕನ್ನು ಹುಡುಕುವುದು ಸೈಕಲ್ಸ್‌ಗೆ ಕಷ್ಟ. ಕಿರಣ ಯಾವ ಬಗೆಯದು ಅಂತ ಹೇಳುವ ಲೈಟ್ ಪಾತ್ ನೋಡ್ ಹಾಕಿ, ನೆರಳಿದೆಯೇ ಅಂತ ನೋಡುವ ಕಿರಣಗಳಿಗೆ ಮಾತ್ರ ಆ ಗಾಜನ್ನು ಪಾರದರ್ಶಕ ಮಾಡಿದೆ. ಮೋಸವೇ ಸರಿ, ಆದರೆ ಚೌಕ ಬಿತ್ತು!

ಸ್ಯಾಂಪಲ್ಸ್, ಅಂದರೆ ಒಂದೊಂದು ಪಿಕ್ಸೆಲ್‌ಗೆ ಕಳಿಸುವ ಕಿರಣಗಳ ಎಣಿಕೆ, 4096ರಲ್ಲೇ ಇಟ್ಟು ಮಲಗಿದ್ದೂ ಉಂಟು. ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕಿಗಳು) ಅರ್ಧ ಆಗಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಕರೆಂಟ್ ಬಿಲ್ ನಮ್ಮದೇ. ಈಗ ಪರೀಕ್ಷೆಗೆ 128, ಕೊನೆಗೆ 1500, ನಾಯ್ಸ್ ಥ್ರೆಶೋಲ್ಡ್ (ಇಷ್ಟಕ್ಕೆ ಇಳಿದರೆ ಸಾಕು ಅನ್ನುವ ಮಿತಿ) 0.01. ಉಳಿದ ಚುಕ್ಕಿ ಒರೆಸುವ ಡಿನಾಯ್ಸರ್‌ಗೆ ಆಲ್ಬೆಡೊ (ಮೇಲ್ಮೈಯ ಬಣ್ಣ), ನಾರ್ಮಲ್ (ಮೇಲ್ಮೈ ತಿರುಗಿದ ದಿಕ್ಕು) ಎರಡನ್ನೂ ಕೊಡುತ್ತೇನೆ, ಇಲ್ಲದಿದ್ದರೆ ಬಾಗಿಲಿನ ಕೆತ್ತನೆ ಮೇಣದಂತಾಗುತ್ತದೆ.

ಇಷ್ಟೆಲ್ಲ ಸೆಟ್ಟಿಂಗ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ರೆಡ್ ಆಕ್ಸೈಡ್ ನೆಲದ ರಫ್‌ನೆಸ್, ಅಂದರೆ ಒರಟುತನ. ಎಲ್ಲ ಕಡೆ ಒಂದೇ ಇದ್ದಾಗ ಪ್ಲಾಸ್ಟಿಕ್ ಆಗಿತ್ತು. ಜನ ಓಡಾಡಿ ನುಣುಪಾದ ಕಡೆ 0.15, ಮೂಲೆಯಲ್ಲಿ 0.4 ಬರುವಂತೆ ಮ್ಯಾಪ್ ಬಳಿದೆ.

ಎರಡನೇ ಸಲ ಯಜಮಾನರು ತುಂಬಾ ಹೊತ್ತು ನೋಡಿದರು. "ಬೆಳಗ್ಗೆ ಅಂದ್ರಲ್ಲ, ಆಗ ಹೆಂಚಿನ ಬಿಸಿಲು ಕಂಬದ ಈಚೆ ಬೀಳ್ತದೆ." ಚೆಂದ ಕಾಣಲಿ ಅಂತ ಸೂರ್ಯನನ್ನು ನಾನೇ ತಿರುಗಿಸಿದ್ದೆ. ಸುಮ್ನೆ ಮೊಬೈಲ್‌ನಲ್ಲಿ ದಿಕ್ಸೂಚಿ ತೆಗೆದು, ಬಾಗಿಲು ಯಾವ ದಿಕ್ಕಿಗಿದೆ ಅಂತ ಬರೆದುಕೊಂಡು ಬಂದೆ.